ಹದಿನೇಳು ತಾಸಿನ ಬಾಕಿ

ನನ್ನ ಡೈರಿಯ ಲೆಕ್ಕದ ಪ್ರಕಾರ, ನಮ್ಮ ಗಣಿತದ ಸರ್ ಪಿಯುಸಿಯ ಎರಡು ವರ್ಷದಲ್ಲಿ ನಮ್ಮ ತರಗತಿಗೆ "ಅಳಸ್ಲೇನ್ರಿ?" ಎಂದು ಕೇಳಿದ್ದು ಸಾವಿರದ ನೂರಾ ನಲವತ್ತಾರು ಸಲ. ನಾನು ಜ್ವರ ಬಂದು ಮನೆಯಲ್ಲಿದ್ದ ನಾಲ್ಕು ದಿನ ಇದರಲ್ಲಿ ಸೇರಿಲ್ಲ.

ಬೋರ್ಡು ತುಂಬಿದಾಗ ಅವರು ಖಡುವನ್ನು, ಅಂದರೆ ಸೀಮೆಸುಣ್ಣವನ್ನು, ಕಿವಿಯ ಸಂದಿಗೆ ಸಿಕ್ಕಿಸಿ, ಡಸ್ಟರ್ ಕೈಗೆ ತೆಗೆದುಕೊಂಡು, ನಮ್ಮ ಕಡೆ ತಿರುಗಿ ಕೇಳುತ್ತಿದ್ದರು. ನಾವು ಹದಿನೇಳು ವರ್ಷದವರು, ಅವರು ಐವತ್ತೆಂಟು ದಾಟಿದವರು. ಆದರೂ ನಮಗೆ ರಿ ಹಚ್ಚಿಯೇ ಮಾತು. ಯಾರಾದರೂ ಒಬ್ಬರು "ತಡೀರಿ ಸರ್" ಅಂದರೆ ಮುಗಿಯಿತು. "ಆಗಲಿ, ಅವಸರಿಲ್ಲ" ಎಂದು ಡಸ್ಟರ್ ಕೆಳಗಿಟ್ಟು, ಕಿಟಕಿಯ ಬಳಿ ನಿಂತು, ಮೂಡಲಗಿ ರಸ್ತೆಯಲ್ಲಿ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳನ್ನು ನೋಡುತ್ತ ಕಾಯುತ್ತಿದ್ದರು. ಮಿಕ್ಕ ಲೆಕ್ಚರರುಗಳು ಬಲಗೈಯಲ್ಲಿ ಬರೆಯುತ್ತ ಎಡಗೈಯಲ್ಲಿ ಅಳಿಸುತ್ತ ಹೋಗುತ್ತಿದ್ದರು. ಇವರೊಬ್ಬರು ಮಾತ್ರ, ಬೋರ್ಡು ತಮ್ಮದಲ್ಲ, ನಮ್ಮ ಅಪ್ಪಣೆ ಇಲ್ಲದೆ ಮುಟ್ಟಬಾರದು ಎನ್ನುವಂತೆ ಇದ್ದರು.

ಈ ಔದಾರ್ಯದ ಪೂರ್ಣ ಲಾಭ ಪಡೆದವನು ನಮ್ಮ ಕಾಕಾನ ಮಗ ಬಾಳಪ್ಪ. ನನಗಿಂತ ಮೂರು ತಿಂಗಳು ದೊಡ್ಡವನು, ಕೊನೆಯ ಬೆಂಚು. ಅವನು ಒಂದಕ್ಷರ ಬರೆಯುತ್ತಿರಲಿಲ್ಲ. ಆದರೆ ಇಡೀ ತರಗತಿ "ಅಳಸ್ರಿ" ಅಂದಾಗಲೂ ಹಿಂದಿನಿಂದ ಅವನ ದನಿ ಬರುತ್ತಿತ್ತು: "ತಡೀರಿ ಸರ್." ಎರಡು ವರ್ಷದಲ್ಲಿ ನಾನೂರಾ ಎಂಟು ಸಲ. ನನ್ನ ಹೆಸರಿನ ಮುಂದೆ ಸೊನ್ನೆ. ನಾನು ಬೇಗ ಬರೆಯುತ್ತೇನೆ.

ಹೋದ ತಿಂಗಳು ಸರ್ ತೀರಿಕೊಂಡರು. ಬಾಳಪ್ಪನೇ ಫೋನ್ ಮಾಡಿ ಹೇಳಿದ. ಆ ದಿನ ಡೈರಿಯಲ್ಲಿ ಯಾವ ಲೆಕ್ಕವನ್ನೂ ಬರೆಯಲಾಗಲಿಲ್ಲ. ಈಗ ಬರೆಯುತ್ತಿದ್ದೇನೆ.

ನನ್ನ ಎಣಿಕೆಯ ಚಟ ಬಂದದ್ದು ಕುರಿಹಟ್ಟಿಯಿಂದ. ನಮ್ಮದು ಕಲ್ಲೋಳಿ, ಸ್ವಲ್ಪ ಹೊಲ, ಒಂದಿಷ್ಟು ಕುರಿ. ಅಪ್ಪ ಕುರಿಗಳನ್ನು ಎಣಿಸುವುದಿಲ್ಲ, ಮುಖ ನೋಡಿ ಗುರುತಿಸುತ್ತಾನೆ. ಸಂಜೆ ಒಂದು ಮುಖ ಕಡಿಮೆ ಬಿದ್ದರೆ ಅವನಿಗೆ ಗೊತ್ತಾಗುತ್ತದೆ. ನನಗೆ ಎಲ್ಲ ಕುರಿಯ ಮುಖವೂ ಒಂದೇ. ಹೀಗಾಗಿ ಎಣಿಸಿ ಬರೆದಿಡಲು ಶುರು ಮಾಡಿದೆ. ಕುರಿ ಆದ ಮೇಲೆ ಬಸ್ಸು ಎಷ್ಟು ನಿಮಿಷ ತಡ, ಅವ್ವ ದಿನಕ್ಕೆ ಎಷ್ಟು ರೊಟ್ಟಿ ಬಡಿದಳು, ಯಾವ ಪಾಠ ಎಷ್ಟು ತಾಸು ನಡೆಯಿತು. ಪಿಯುಸಿ ಮುಗಿಯುವ ಹೊತ್ತಿಗೆ ಐದು ಡೈರಿ ತುಂಬಿದ್ದವು. ಇಂಥ ಹುಡುಗಿ ಸಂಖ್ಯಾಶಾಸ್ತ್ರ ಓದಬೇಕು ಎಂದುಕೊಂಡದ್ದರಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ನ್ಯೂಜಿಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದಾಗ ಮಾತ್ರ ಓಣಿಯವರು ಹುಬ್ಬೇರಿಸಿದರು. ಅಪ್ಪ ಏರಿಸಲಿಲ್ಲ. "ಮಂದಿಗಿಂತ ಕುರಿ ಹೆಚ್ಚ ಇರೋ ದೇಶ ಅಂತ. ಅಂದ್ರ ದೇಶ ಚಲೋನ ನಡದಿರತೈತಿ" ಅಂದ.

ಸರ್ ನಮ್ಮ ತಂಡದ ಫಲಿತಾಂಶ ಬಂದ ವರ್ಷವೇ ನಿವೃತ್ತರಾಗಿದ್ದರು. ಬೀಳ್ಕೊಡುಗೆಗೆ ಏನು ಕೊಡೋಣ ಎಂದು ಕಾಲೇಜಿನವರು ಕೇಳಿದರು. ಶಾಲು, ಹಾರ, ಬೆಳ್ಳಿಯ ಬಟ್ಟಲು ಯಾವುದೂ ಬೇಡ, ಆರನೇ ನಂಬರ್ ಕೋಣೆಯ ಬೋರ್ಡು ಕೊಡ್ರಿ ಅಂದರಂತೆ. ಹೇಗೂ ಅಲ್ಲಿ ಬಿಳಿ ಬೋರ್ಡು ಬರುವುದಿತ್ತು. ಭಾಷಣವೆಲ್ಲ ಮುಗಿದ ಮೇಲೆ ಕೊರಳಲ್ಲಿ ಹಾರ ಹಾಕಿಕೊಂಡೇ ಸರ್ ಟಂಟಂ ಗಾಡಿಯ ಹಿಂದೆ ಕುಳಿತು, ಬೋರ್ಡನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು ಹತ್ತರಗಿಗೆ ಹೋದರು. ದಾರಿಯುದ್ದಕ್ಕೂ ಮಂದಿ ಇಣುಕಿ ನೋಡಿದರಂತೆ. ಕೊರಳಲ್ಲಿ ಹಾರ ಇತ್ತಲ್ಲ, ಬೋರ್ಡಿನ ಜೊತೆ ಮದುವೆ ಆಗಿ ಬಂದರು ಎಂದು ಅವರ ಹೆಂಡತಿ, ನಾವು ಬಾಯಾರು ಎನ್ನುತ್ತಿದ್ದೆವು, ಕೊನೆಯವರೆಗೂ ಆಡಿಕೊಳ್ಳುತ್ತಿದ್ದರು.

ಇನ್ನು ಆ ಅರ್ಜಿಯ ವಿಷಯ. ಮೇ ಆರರಂದು ವಿಶ್ವವಿದ್ಯಾಲಯದ ಪ್ರವೇಶ ವಿಭಾಗದಿಂದ ಮೇಲ್ ಬಂತು. ಅಂಕ ಚೆನ್ನಾಗಿವೆ, ವಿದ್ಯಾರ್ಥಿವೇತನವನ್ನೂ ಕೊಡುತ್ತೇವೆ, ಆದರೆ ಈ ಪದವಿಗೆ ಉನ್ನತ ಗಣಿತ ಓದಿರಬೇಕು. ನಿಮ್ಮ ಅಂಕಪಟ್ಟಿಯಲ್ಲಿ ಬರೀ 'ಗಣಿತ' ಎಂದಷ್ಟೇ ಇದೆ. ಆದ್ದರಿಂದ ಯಾವ ಭಾಗವನ್ನು ಎಷ್ಟು ತಾಸು ಕಲಿತಿರಿ ಎಂದು ಜೊತೆಗಿರುವ ನಮೂನೆಯಲ್ಲಿ ತುಂಬಿ, ಪಾಠ ಮಾಡಿದ ಶಿಕ್ಷಕರ ಸಹಿ ಹಾಕಿಸಿ ಜೂನ್ ಐದರೊಳಗೆ ಕಳಿಸಿ. ತಪ್ಪಿದರೆ ಸೀಟು ಮತ್ತು ವಿದ್ಯಾರ್ಥಿವೇತನ ಎರಡೂ ಮುಂದಿನವರಿಗೆ. ವಿದ್ಯಾರ್ಥಿವೇತನ ಇಲ್ಲದೆ ನಾನು ಹೋಗಬಹುದಾದ ಅತಿ ದೂರದ ಊರು ಗೋಕಾಕ.

ಗೋಕಾಕ ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬ ಚಾಚಾ ಅವರ ಝೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿ, ಆಧಾರ, ಪಹಣಿ, ಲಗ್ನಪತ್ರಿಕೆ ಎಲ್ಲ ಅಲ್ಲೇ. ನನ್ನ ಅರ್ಜಿಯನ್ನು ಹಾಕಿಕೊಟ್ಟವರೂ ಅವರೇ. ನಮೂನೆ ಎರಡು ಪುಟ ಇತ್ತು. ಎರಡನೆಯದರಲ್ಲಿ ಬರೀ ಸಣ್ಣಕ್ಷರ.

"ಇದರಾಗ ಸಹಿ ಜಾಗಾನ ಇಲ್ಲ ಬೇಟಿ. ಸಹಿ ಇಲ್ಲದ ಕಾಗದ ತಗದು ಏನ ಮಾಡತಿ?" ಅಂದರು ಚಾಚಾ.

ನಮ್ಮ ಕಡೆ ಕಾಗದ ಅಂದರೆ ಸಹಿ ಮತ್ತು ಸಿಕ್ಕಾ, ಅಂದರೆ ಮೊಹರು, ಬೀಳುವ ಪುಟ; ಉಳಿದದ್ದು ಹೊದಿಕೆ. ಮೊದಲ ಪುಟವನ್ನಷ್ಟೇ ಪ್ರಿಂಟ್ ತೆಗೆಸಿದೆ.

ಅದರಲ್ಲಿ ಏಳು ಸಾಲು. ಪ್ರತಿ ಸಾಲಿಗೆ ಒಂದು ಭಾಗ, ಅದರ ಮುಂದೆ ಕನಿಷ್ಠ ಎಷ್ಟು ತಾಸು ಎಂಬ ಅಂಕಿ. ಮೇ ಎಂಟರಂದು ಕಾಲೇಜಿಗೆ ಹೋದೆ. ಆಫೀಸಿನಲ್ಲಿದ್ದವರು ನಮೂನೆಯನ್ನು ತಿರುವಿ ನೋಡಿ, "ಎಲ್ಲಾ ಕಡೆ ನಲವತ್ತ ಬರದು ತಾ. ನಿಮ್ಮ ಸರ್ ಸಹಿ ಮಾಡಿದ್ರ ಸಿಕ್ಕಾ ಹೊಡದ ಬಿಡತೇನಿ. ಅಲ್ಲಿಂದ ಯಾರ ಬಂದು ಎಣಸತಾರ?" ಅಂದರು. ಯಾರೂ ಎಣಿಸುವುದಿಲ್ಲ ನಿಜ. ನಾನು ಎಣಿಸಿದ್ದೆನಲ್ಲ.

ಮೇ ಹನ್ನೊಂದು, ಎರಡು ಬಸ್ಸು ಬದಲಿಸಿ ಹತ್ತರಗಿಗೆ ಹೋದೆ. ನಮೂನೆಯ ಜೊತೆ ಐದನೆಯ ಡೈರಿಯನ್ನೂ ಒಯ್ದಿದ್ದೆ. ಸರ್‌ಗೆ ನೆನಪು ಮಾಡಿಕೊಳ್ಳಲು ಅನುಕೂಲವಾಗಲಿ, ನನ್ನ ಶಿಸ್ತನ್ನು ನೋಡಿ ಸಂತೋಷಪಡಲಿ ಎಂದು. ಇದಕ್ಕಿಂತ ದೊಡ್ಡ ತಪ್ಪನ್ನು ನಾನು ಆ ವರ್ಷ ಮಾಡಲಿಲ್ಲ.

ಹೆದ್ದಾರಿಗೆ ಮುಖ ಮಾಡಿದ ಮನೆ. ಪಡಸಾಲೆಯ ಗೋಡೆಯ ತುಂಬ ಆರನೇ ಕೋಣೆಯ ಬೋರ್ಡು. ಸರ್ ನಮೂನೆಯನ್ನು ನೋಡಿ ಪೆನ್ನಿನ ಟೋಪಿ ತೆಗೆದಿದ್ದರು. ಇನ್ನೇನು ಮೊದಲ ಸಾಲಿಗೆ ಪೆನ್ನು ತಾಗಬೇಕು, ನಾನು ಡೈರಿಯನ್ನು ಮುಂದಿಟ್ಟೆ. ಅವರು ಟೋಪಿಯನ್ನು ಮತ್ತೆ ಹಾಕಿದರು. ಮೊದಲ ಪುಟದಿಂದ ಕೊನೆಯವರೆಗೆ ಓದಿದರು. ಒಂದು ತಾಸು ಇಪ್ಪತ್ತೈದು ನಿಮಿಷ. ಬಾಯಾರು ಎರಡು ಸಲ ಚಹಾ ತಂದರು, ಎರಡು ಸಲವೂ ಅದು ಆರಿತು.

"ಅವಕಲ ಸಮೀಕರಣ, ಆರು ತಾಸು," ಅಂದರು ಸರ್ ಕೊನೆಗೆ. "ಇವರು ಹದಿನೈದು ಕೇಳ್ಯಾರ. ಸದಿಶ, ಹನ್ನೆರಡು. ಇವರು ಇಪ್ಪತ್ತ ಕೇಳ್ಯಾರ."

"ಹೌದ್ರಿ ಸರ್."

"ಒಂಬತ್ತು, ಎಂಟು. ಹದಿನೇಳು ತಾಸು ಕಡಿಮಿ."

"ನೀವು ಪಾಠ ಮುಗಿಸಿದ್ರಿ ಸರ್. ಕೊನೀಗೆ ಸ್ವಲ್ಪ ಲಗೂನ ಹೋದ್ವಿ, ಅಷ್ಟ. ಅಲ್ಲಲ್ಲಿ ಮನ್ಯಾಗ ನೋಡಕೋರಿ ಅಂದಿರಿ."

"ಎಷ್ಟ ಸಲ ಅಂದೀನಿ?"

ನಾನು ಸುಮ್ಮನಿರಬಹುದಿತ್ತು. "ಅರವತ್ತೊಂದು," ಅಂದೆ.

ಸರ್ ಬೋರ್ಡಿನ ಕಡೆ ತಿರುಗಿದರು. "ಮೂವತ್ಮೂರು ವರ್ಷ ಸಿಲೆಬಸ್ ಪೂರಾ ಮುಗಿಸೀನಿ ಅಂತ ತಿಳಕೊಂಡಿದ್ನಿ ನಾ" ಅಂದರು.

"ಡೈರಿ ಇಟ್ಟಿರೋದು ನಮ್ಮ ವರ್ಷದ್ದು ಅಷ್ಟ ರಿ ಸರ್."

ಇದು ಸಮಾಧಾನದ ಮಾತೆಂದು ತಿಳಿದು ಹೇಳಿದ್ದೆ. ಒಳಗಿನಿಂದ ಬಾಯಾರು "ಸಾಕ ಮಾಡವಾ, ಇನ್ನೊಂದ್ ಅಂಕಿ ಹೇಳಬ್ಯಾಡ, ಅವ್ರಿಗೆ ಬಿಪಿ ಐತಿ" ಅಂದರು.

ಸರ್ ಸಹಿ ಮಾಡಲಿಲ್ಲ. ಮಾಡುವುದೂ ಸಾಧ್ಯವಿಲ್ಲ ಅಂದರು. ನಾನು ನಮೂನೆಯನ್ನು ಮಡಚಲು ಹೋದೆ. ಅವರು ಕೈ ಅಡ್ಡ ಹಿಡಿದರು.

"ಇದರಾಗ ಇಂಥ ತಾರೀಖಿನೊಳಗ ಕಳಸ್ರಿ ಅಂತ ಐತಿ. ಇಂಥ ತಾರೀಖಿನೊಳಗ ಕಲಸಿರಬೇಕು ಅಂತ ಎಲ್ಲೈತಿ?"

ಎಲ್ಲೂ ಇರಲಿಲ್ಲ.

"ನಾಡದ್ದ ಬರ್ರಿ. ಪಟ್ಟಿ ಪುಸ್ತಕ ತರ್ರಿ. ಗಡಿಯಾರ ನೀವ ಇಟಕೋರಿ, ನನ್ನ ಗಡಿಯಾರ ನಂಬಾಂಗಿಲ್ಲ."

ಮನೆಗೆ ಬಂದು ಹೇಳಿದಾಗ ಅಪ್ಪ ತಂಬಾಕು ತಿಕ್ಕುವುದನ್ನು ನಿಲ್ಲಿಸಿದ. "ಅವ್ರು ಸಹಿ ಮಾಡಾಕತ್ತಿದ್ರು, ನೀ ಡೈರಿ ತೋರಿಸಿದಿ?"

"ಹೂಂ."

"ಯಾರ ಕೇಳಿದ್ರು ನಿನ್ನ ಡೈರಿ?"

"ಯಾರೂ ಕೇಳಿಲ್ಲ."

ಅಪ್ಪ ಅವ್ವನ ಕಡೆ ತಿರುಗಿ, "ನಾ ಎಣಸೂದಿಲ್ಲ, ನೋಡ. ಅದಕ್ಕ ಆರಾಮ ಅದೇನಿ" ಅಂದ.

ಆ ರಾತ್ರಿ ಊಟದ ಮುಂಚೆ ನಾನು ಒಂದು ಲೆಕ್ಕ ಮಾಡಿದೆ. "ತಡೀರಿ ಸರ್" ಒಂದಕ್ಕೆ ಕಾಯುವ ಸಮಯ ಸರಾಸರಿ ಎರಡೂವರೆ ನಿಮಿಷ. ಬಾಳಪ್ಪನ ನಾನೂರಾ ಎಂಟನ್ನು ಎರಡೂವರೆಯಿಂದ ಗುಣಿಸಿದರೆ ಸಾವಿರದ ಇಪ್ಪತ್ತು ನಿಮಿಷ. ಅಂದರೆ ಕರಾರುವಾಕ್ಕಾಗಿ ಹದಿನೇಳು ತಾಸು. ಡೈರಿ ಹಿಡಿದುಕೊಂಡು ಕಾಕಾನ ಮನೆಗೆ ಹೋಗಿ ತೋರಿಸಿದೆ. ಬಾಳಪ್ಪ ಈಗ ಸ್ವಂತ ಟ್ರ್ಯಾಕ್ಟರ್ ಓಡಿಸುವವನು, ಮೀಸೆ ಬಿಟ್ಟಿದ್ದಾನೆ. ಗುಣಾಕಾರವನ್ನು ಎರಡು ಸಲ ನೋಡಿದ. ಅವನು ಶ್ರದ್ಧೆಯಿಂದ ನೋಡಿದ ಮೊದಲ ಲೆಕ್ಕ ಅದೇ ಇರಬೇಕು.

"ಪೂರಾ ಹದಿನೇಳೂ ನಾನ ತಿಂದೇನಿ?"

"ಒಂದ್ ನಿಮಿಷ ಹೆಚ್ಚಿಲ್ಲ, ಕಡಿಮಿಲ್ಲ."

"ನಾಡದ್ದ ಎಷ್ಟಕ್ಕ ಹೋಗಬೇಕ ತಂಗಿ? ಗಾಡಿ ಮ್ಯಾಲ ಬಿಡತೇನಿ."

ಹೀಗೆ ಮೇ ಹದಿಮೂರರಿಂದ ಬಾಳಪ್ಪನ ಮೋಟರ್‌ಸೈಕಲ್ಲಿನ ಹಿಂದೆ ಕುಳಿತು ಹತ್ತರಗಿಗೆ ಹೋಗತೊಡಗಿದೆ. ಬಾಳಪ್ಪನನ್ನು ಕಂಡು ಸರ್‌ಗೆ ನನ್ನನ್ನು ಕಂಡದ್ದಕ್ಕಿಂತ ಹೆಚ್ಚು ಸಂತೋಷವಾಯಿತು. "ಎಲ್ಲಾ ನೆಟ್ಟಗ ಬರಕೋಬೇಕು ಅನ್ನೋ ವಿದ್ಯಾರ್ಥಿ ಇವ್ರ ಒಬ್ರ ಇದ್ರು ನೋಡ್ರಿ" ಎಂದು ಬಾಯಾರಿಗೆ ಪರಿಚಯ ಮಾಡಿಸಿದರು. ಬಾಳಪ್ಪ ಮೀಸೆ ಮುಟ್ಟಿಕೊಂಡು ನೆಲ ನೋಡಿದ.

ಪಾಠ ನಡೆಯುವ ರೀತಿ ಹೀಗೆ. ಒಬ್ಬಳೇ ವಿದ್ಯಾರ್ಥಿನಿ, ಆದರೂ ಸರ್ ಇಡೀ ಪಡಸಾಲೆಯತ್ತ ಕಣ್ಣಾಡಿಸಿ ಪಾಠ ಮಾಡುತ್ತಿದ್ದರು. ಲಾರಿ ಹಾರ್ನ್ ಹೊಡೆದರೆ ನಿಲ್ಲಿಸಿ, "ಬರಕೋರಿ, ಅರ್ಧ ನಿಮಿಷ ವಜಾ" ಅನ್ನುತ್ತಿದ್ದರು. ಕೆಮ್ಮು ವಜಾ. ಚಹಾ ವಜಾ. ಬಾಯಾರು ತರಕಾರಿಯವನ ಜೊತೆ ಬಾಗಿಲಲ್ಲಿ ವಾದ ಹಾಕಿದರೆ ಅದೂ ವಜಾ. ಮೂರು ತಾಸು ಕುಳಿತರೆ ಎರಡು ತಾಸು ಕೈಗೆ ಸಿಗುತ್ತಿತ್ತು. ಒಂದು ದಿನ ಅವರು ಕನ್ನಡಕ ಒರೆಸಿಕೊಂಡ ನಲವತ್ತು ಸೆಕೆಂಡನ್ನು ನಾನು ಬಿಟ್ಟುಕೊಡಲು ಹೋದೆ. ಅವರು ಒಪ್ಪಲಿಲ್ಲ. ಇನ್ನೊಂದು ದಿನ ಅವರು ತಮ್ಮ ಕಾಲದ ಒಬ್ಬ ಇನ್ಸ್‌ಪೆಕ್ಟರನ ಕತೆ ಹೇಳಿದ್ದನ್ನು ಪಾಠದಲ್ಲಿ ಸೇರಿಸಿದರು. ನಾನು ಒಪ್ಪಲಿಲ್ಲ. ಮೂಲೆಯಲ್ಲಿ ಕುಳಿತ ಬಾಳಪ್ಪ ಬಾಯಾರನ್ನು ಕೇಳಿದ: "ಇವ್ರಿಬ್ರೂ ಹಿಂಗ ಇದ್ರ ನಾಕ್ ವರ್ಷ ಹಿಡಿಯೂದಿಲ್ಲೇನ್ರಿ?"

ತಪ್ಪು ಉತ್ತರ ಬಂದರೆ ಸರ್ ತಪ್ಪು ಎಂದು ಹೇಳುತ್ತಿರಲಿಲ್ಲ. "ಉತ್ತರ ಚಲೋ ಐತ್ರಿ. ಆದ್ರ ಇದು ಬ್ಯಾರೆ ಲೆಕ್ಕದ್ದು. ಆ ಲೆಕ್ಕ ಎಲ್ಲೈತಿ ಹುಡುಕ್ರಿ" ಅನ್ನುತ್ತಿದ್ದರು. ಕಾಲೇಜಿನಲ್ಲಿ ಇದನ್ನು ತಮಾಷೆ ಎಂದುಕೊಂಡಿದ್ದೆವು. ಹತ್ತರಗಿಯಲ್ಲಿ ಒಬ್ಬಳೇ ಕುಳಿತಾಗ ಗೊತ್ತಾಯಿತು, ಅವರು ನಿಜವಾಗಿಯೂ ಹುಡುಕುತ್ತಿದ್ದರು. ನನ್ನದೊಂದು ತಪ್ಪು ಉತ್ತರಕ್ಕೆ ಸರಿಹೊಂದುವ ಲೆಕ್ಕವನ್ನು ಬೋರ್ಡಿನ ಮೇಲೆ ತಾವೇ ಕಟ್ಟಿ, "ನೋಡ್ರಿ, ಇಲ್ಲೈತಿ ಇದರ ಮನಿ" ಅಂದರು. ಹನ್ನೊಂದು ನಿಮಿಷ ಹಿಡಿಯಿತು. ಅದನ್ನು ವಜಾ ಮಾಡಬೇಕೋ ಬೇಡವೋ ಎಂದು ನನಗೆ ಇವತ್ತಿಗೂ ತೀರ್ಮಾನಕ್ಕೆ ಬರಲಾಗಿಲ್ಲ. ಆಗ ಮಾಡಲಿಲ್ಲ.

ಎಲ್ಲ ಪಾಠವೂ ಹತ್ತರಗಿಯಲ್ಲಿ ಆಗಲಿಲ್ಲ. ಸರ್ ಪೆನ್ಶನ್ ಕಾಗದಕ್ಕೆ ಮೂಡಲಗಿಗೆ ಬಂದ ದಿನ ಅವರ ಹಳೆಯ ವಿದ್ಯಾರ್ಥಿಯೊಬ್ಬನ ಅಡತಿ ಅಂಗಡಿಯಲ್ಲಿ, ಗೋವಿನಜೋಳದ ಚೀಲಗಳ ಮೇಲೆ ಕುಳಿತು ಎರಡು ತಾಸು ನಲವತ್ತು ನಿಮಿಷ. ಮೂರು ಆಯಾಮದ ಸದಿಶಗಳನ್ನು ಚೀಲಗಳ ರಾಶಿಯ ಮೂಲೆಯಿಂದ ಹೇಳಿಕೊಟ್ಟರು. ಹಮಾಲರು ಒಂದು ಚೀಲ ಎತ್ತಲು ಬಂದಾಗ "ಅದ ತಗೀಬ್ಯಾಡ್ರಿ, ಅದು ಝಡ್ ಅಕ್ಷ" ಅಂದರು. ಹಮಾಲರು ಬೇರೆ ಚೀಲ ಎತ್ತಿದರು.

ಇನ್ನೊಂದು ದಿನ ಬಸ್ಸು ಕಾಯುತ್ತ ಹುಕ್ಕೇರಿ ಬಸ್ ಸ್ಟ್ಯಾಂಡಿನಲ್ಲಿ ಒಂದು ತಾಸು ಹತ್ತು ನಿಮಿಷ. ಅಲ್ಲಿ ಬರೆಯಲು ಏನೂ ಇರಲಿಲ್ಲ. ಅಲ್ಲಿ ನಿಂತಿದ್ದ ಸಂಕೇಶ್ವರ ಬಸ್ಸಿನ ಹಿಂದಿನ ಗಾಜಿನ ಧೂಳಿನ ಮೇಲೆ ಸರ್ ಬೆರಳಿನಿಂದ ಎರಡು ಸದಿಶದ ಬಾಣ ಎಳೆದು, ಅವುಗಳ ಗುಣಲಬ್ಧವನ್ನು ಮೇಲಕ್ಕೆ ತೋರಿಸಿ ನನ್ನ ಕಡೆ ತಿರುಗಿದರು. "ಅಳಸ್ಲೇ..." ಅನ್ನುವಷ್ಟರಲ್ಲಿ ಬಸ್ಸು ಹೊರಟಿತು. ಬಾಣಗಳು ಹುಕ್ಕೇರಿ ದಾಟಿ ಕಾಣದಾಗುವವರೆಗೂ ನೋಡಿದರು. "ಅಳಸಿದ್ರ ಪರವಾಗಿದ್ದಿಲ್ಲ. ಡ್ರೈವರ ಹೊತಗೊಂಡು ಹೋದ" ಅಂದರು. ಆ ದಿನ ಪೂರ್ತಿ ಅವರಿಗೆ ಅದೇ ಕೊರಗು.

ಜೂನ್ ನಾಲ್ಕು, ಹತ್ತರಗಿ. ಅಂದು ಮುಗಿಯಬೇಕಿತ್ತು. ಬಾಳಪ್ಪ ಬಿತ್ತನೆಯ ಕೆಲಸಕ್ಕೆ ಹೋಗಿದ್ದ. ನಾನು ಬಸ್ಸಿಗೆ ಬಂದಿದ್ದೆ. ಹೆದ್ದಾರಿಯಲ್ಲಿ ಲಾರಿ ಸಾಲುಗಟ್ಟಿ ಹಾರ್ನ್ ಹೊಡೆದು ಬಹಳಷ್ಟು ವಜಾ ಆಯಿತು. ಸಂಜೆ ಸರ್ ಕೊನೆಯ ಚಿತ್ರ ಬಿಡಿಸಿ, ಖಡು ಕಿವಿಗೆ ಸಿಕ್ಕಿಸಿ, "ಅಳಸ್ಲೇನ್ರಿ?" ಅಂದರು. ಅಷ್ಟರಲ್ಲಿ ಬಾಯಾರು ಬಾಗಿಲಿನಿಂದ "ಬಸ್ ಬಂತವಾ, ಓಡ, ಇದ ಕಡೀದು" ಅಂದರು. ಚೀಲ ಎತ್ತಿಕೊಂಡು ಓಡಿದೆ. ಬಸ್ಸಿನಲ್ಲಿ ಕುಳಿತು ಕೂಡಿಸಿದೆ: ಹತ್ತರಗಿ ಹನ್ನೆರಡೂವರೆ, ಮೂಡಲಗಿ ಎರಡು ನಲವತ್ತು, ಹುಕ್ಕೇರಿ ಒಂದು ಹತ್ತು. ಹದಿನಾರು ತಾಸು ಇಪ್ಪತ್ತು ನಿಮಿಷ. ನಲವತ್ತು ನಿಮಿಷ ಬಾಕಿ.

ಮರುದಿನ ಸರ್ ಹಲ್ಲಿನ ಸೆಟ್ ತರಲು ಗೋಕಾಕಕ್ಕೆ ಬರುವವರಿದ್ದರು. ನಾಲ್ಕು ಗಂಟೆಗೆ ಚಾಚಾ ಅಂಗಡಿಯಲ್ಲಿ ಸೇರುವುದು, ಆರಾಮಾಗಿ ಪಾಠ ಮುಗಿಸುವುದು, ಸಹಿ, ಸ್ಕ್ಯಾನು, ರಾತ್ರಿ ಹನ್ನೆರಡರವರೆಗೆ ಸಮಯ ಇದೆ ಎಂದು ಲೆಕ್ಕ ಹಾಕಿದ್ದೆ. ಸರ್ ಹೊಸ ಹಲ್ಲು ಹಾಕಿಕೊಂಡು ಬಂದರು. ನಕ್ಕಂತೆ ಕಾಣುತ್ತಿದ್ದರು, ಆದರೆ ನಗುತ್ತಿರಲಿಲ್ಲ. ಬಾಯಿ ಮುಚ್ಚಲು ಬರುತ್ತಿರಲಿಲ್ಲ. ಬಾಳಪ್ಪನೂ ಇದ್ದ. ಚಾಚಾ ನಮೂನೆ ನೋಡಿ ಕೇಳಿದರು: "ಈ ರಾತ್ರಿ ಹನ್ನೆರಡು ಯಾರ ಹನ್ನೆರಡು ಬೇಟಿ? ಅವರದೋ ನಮ್ಮದೋ?"

ಚಾಚಾ ಅವರ ತಮ್ಮ ಹೊರದೇಶದಲ್ಲಿದ್ದಾನೆ, ಅವರಿಗೆ ಇಂಥದು ಗೊತ್ತು. ಫೋನ್ ನೋಡಿದೆವು. ಇಲ್ಲಿ ನಾಲ್ಕು ಹತ್ತು. ಅಲ್ಲಿ ರಾತ್ರಿ ಹತ್ತು ನಲವತ್ತು. ಬಸ್ಸಿನ ತಡವನ್ನು ನಿಮಿಷಕ್ಕೆ ಬರೆದಿಡುವ ನಾನು ಆರೂವರೆ ತಾಸನ್ನು ಮರೆತಿದ್ದೆ. ಐದೂವರೆಗೆ ಎಲ್ಲ ಮುಗಿಯುತ್ತಿತ್ತು.

"ಸರ್, ಮೊದಲ ಸಹಿ ಹಾಕ್ರಿ. ಪಾಠ ಆಮ್ಯಾಲ ಮಾಡಕೋರಿ. ನಾ ಎಲ್ಲೂ ಹೇಳೂದಿಲ್ಲ" ಅಂದ ಬಾಳಪ್ಪ.

ಸರ್ ಹಲ್ಲಿನ ಸೆಟ್ ತೆಗೆದು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಕಿಸೆಗೆ ಹಾಕಿದರು. "ಬೋರ್ಡ್ ಎಲ್ಲೈತಿ?"

ಚಾಚಾ ಅಂಗಡಿಯಲ್ಲಿ ಒಂದೇ ಬೋರ್ಡು. ಅದರ ಮೇಲೆ ಖಡುವಿನಲ್ಲಿ ಚೆಂದಾಗಿ ಬರೆದಿತ್ತು: ಇಲ್ಲಿ ಆಧಾರ, ಪ್ಯಾನ್, ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಮಾಡಿಕೊಡಲಾಗುವುದು. ಸರ್ ಅದರ ಮುಂದೆ ನಿಂತು ಕೇಳಿದರು: "ಅಳಸ್ಲೇನ್ರಿ?"

"ಅಳಸ್ರಿ ಅಳಸ್ರಿ, ಯಾ ಅಲ್ಲಾ, ಇದನ್ನೂ ಕೇಳತಾರೇನು" ಅಂದರು ಚಾಚಾ.

ನಾಲ್ಕು ಇಪ್ಪತ್ತೆರಡಕ್ಕೆ ಪಾಠ ಶುರುವಾಯಿತು. ಪಹಣಿಗೆ, ಆಧಾರಕ್ಕೆ ಬಂದ ಏಳು ಮಂದಿ ಬೆಂಚಿನ ಮೇಲಿದ್ದರು. ಸದಿಶಗಳ ಕೊನೆಯ ಲೆಕ್ಕಗಳು. ಬೆಂಚಿನವರು ಸ್ವಲ್ಪ ಹೊತ್ತು ನನ್ನನ್ನೂ ಸರ್ ಅವರನ್ನೂ ನೋಡಿ, ಆಮೇಲೆ ಬೋರ್ಡನ್ನೇ ನೋಡತೊಡಗಿದರು. ನಾಲ್ಕು ನಲವತ್ತೈದಕ್ಕೆ ಬೋರ್ಡು ತುಂಬಿತು. ಸರ್ ತಿರುಗಿದರು. "ಅಳಸ್ಲೇನ್ರಿ?"

ನಾನು "ಅಳಸ್ರಿ" ಅಂದೆ. ಬಾಳಪ್ಪ ಬಾಯಿ ಬಿಗಿ ಹಿಡಿದುಕೊಂಡಿದ್ದ. ಅಷ್ಟರಲ್ಲಿ ಬೆಂಚಿನ ತುದಿಯಿಂದ, ತಲೆಗೆ ಪಟಕಾ ಸುತ್ತಿದ ಒಬ್ಬ ಅಜ್ಜ ಕೈ ಎತ್ತಿ ಹೇಳಿದ: "ತಡೀರಿ."

"ಅಜ್ಜಾರ, ನಿಮಗೇನ ತಿಳದೈತ್ರಿ ಇದು?" ಅಂದ ಬಾಳಪ್ಪ ಹಲ್ಲು ಕಡಿದು.

"ತಿಳದಿಲ್ಲ, ಅದಕ್ಕ ತಡೀರಿ ಅಂದೆ. ನೋಡಾಕತ್ತೇನಿ."

"ಆಗಲಿ, ಅವಸರಿಲ್ಲ" ಅಂದರು ಸರ್. ಡಸ್ಟರ್ ಕೆಳಗಿಟ್ಟರು. ಅಂಗಡಿಯ ಬಾಗಿಲ ಬಳಿ ನಿಂತು ಬಸ್ಸುಗಳನ್ನು ನೋಡಿದರು. ಅಜ್ಜ ಬಾಣದಿಂದ ಬಾಣಕ್ಕೆ ಬೆರಳು ಆಡಿಸುತ್ತ ನೋಡಿದ. ಬಾಳಪ್ಪ ಗೋಡೆಗೆ ಹಣೆ ಆನಿಸಿ ನಿಂತ. ತನ್ನ ನಾನೂರಾ ಎಂಟು ಸಲವೂ ಹೊರಗಿನಿಂದ ಹೇಗೆ ಕಂಡಿರಬೇಕು ಎಂದು ಅವನಿಗೆ ಅಂದು ಗೊತ್ತಾಯಿತಂತೆ. ಆರು ನಿಮಿಷದ ನಂತರ ಅಜ್ಜ "ಹಾಂ, ಅಳಸ್ರಿ" ಅಂದ.

ಐದು ಗಂಟೆ ಎರಡು ನಿಮಿಷಕ್ಕೆ ಬಾಳಪ್ಪ "ನಲವತ್ತ ಆತು" ಅಂದ. ಚಾಚಾ ಪೆನ್ನು ಚಾಚಿದರು. ಸರ್ ನನ್ನ ಕಡೆ ನೋಡಿದರು. ನನಗೆ ಸುಮ್ಮನಿರಲು ಇನ್ನೊಂದು ಅವಕಾಶವಿತ್ತು.

"ಅಜ್ಜಾರದು ಆರು, ನಡುವ ಜನರೇಟರ್ ಸಪ್ಪಳ ಮೂರು. ಒಂಬತ್ತು ವಜಾ ರಿ ಸರ್," ಅಂದೆ.

"ಇಬ್ರಿಗೂ ಹುಚ್ಚ" ಅಂದರು ಚಾಚಾ, ಯಾರನ್ನೂ ನೋಡದೆ.

ಐದು ಹನ್ನೊಂದಕ್ಕೆ ಸರ್ ಖಡು ಕೆಳಗಿಟ್ಟರು. ಹಲ್ಲಿನ ಸೆಟ್ ಮತ್ತೆ ಹಾಕಿಕೊಂಡು, ಸಹಿ ಮಾಡುವಾಗ ಹಲ್ಲಿರಬೇಕು ಅಂದರು. ಏಳೂ ಸಾಲನ್ನು ನಿಧಾನವಾಗಿ ತುಂಬಿದರು. ಷರಾ ಎಂಬ ಕಡೆ, ಕೆಲವು ತಾಸುಗಳು ಹತ್ತರಗಿಯ ಮನೆ, ಮೂಡಲಗಿಯ ಅಡತಿ ಅಂಗಡಿ, ಹುಕ್ಕೇರಿಯ ಬಸ್ ನಿಲ್ದಾಣ ಹಾಗೂ ಗೋಕಾಕದ ಝೆರಾಕ್ಸ್ ಅಂಗಡಿಯಲ್ಲಿ ನಡೆದಿವೆ ಎಂದು ಚೊಕ್ಕ ಇಂಗ್ಲಿಷಿನಲ್ಲಿ ಬರೆದರು. ಕಾಲೇಜಿನ ಸಿಕ್ಕಾ ಹಾಕಲು ಈಗ ಸಮಯವೂ ಇರಲಿಲ್ಲ, ನಮೂನೆ ಅದನ್ನು ಕೇಳಿಯೂ ಇರಲಿಲ್ಲ. ಐದು ಇಪ್ಪತ್ತಕ್ಕೆ ಸಹಿ. ಚಾಚಾ ಅವರ ಸ್ಕ್ಯಾನರ್ ಎರಡು ಸಲ ಸೊಟ್ಟ ಎಳೆಯಿತು. ಐದು ಇಪ್ಪತ್ತಾರಕ್ಕೆ, ಅಲ್ಲಿಯ ಹನ್ನೊಂದು ಐವತ್ತಾರಕ್ಕೆ, ಹೋಯಿತು. ಬೆಂಚಿನ ಮೇಲಿದ್ದವರು ತಮ್ಮದೇ ಕೆಲಸ ಆದಂತೆ ನಿಟ್ಟುಸಿರು ಬಿಟ್ಟರು. ಅಜ್ಜ ಸರ್‌ನನ್ನು ಕೇಳಿದ: "ನಾಳಿಗೂ ಇರತೈತೇನ್ರಿ?"

ಸೀಟು ಸಿಕ್ಕಿತು. ಫೆಬ್ರುವರಿಯಲ್ಲಿ ಇಲ್ಲಿಗೆ, ನ್ಯೂಜಿಲೆಂಡಿಗೆ, ಬಂದೆ. ಎರಡನೆಯ ವಾರ ಪ್ರವೇಶ ವಿಭಾಗಕ್ಕೆ ಒಂದು ಕಾಗದಕ್ಕಾಗಿ ಹೋದಾಗ ಅಲ್ಲಿಯ ಹೆಣ್ಣುಮಗಳು ನನ್ನ ಹೆಸರು ಕೇಳಿ ಎದ್ದು ನಿಂತಳು. ಸರ್ ತುಂಬಿದ ನಮೂನೆ ಅವಳ ಮೇಜಿನ ಹಿಂದಿನ ಗೋಡೆಯ ಮೇಲಿತ್ತು. ನಿಮಿಷಗಳ ಸಮೇತ ಯಾರೂ ಇದುವರೆಗೆ ತುಂಬಿರಲಿಲ್ಲವಂತೆ. ಆದರೆ ಒಂದು ಸಂಶಯ, ಅಂದಳು. ಮನೆಯಲ್ಲಿ ಓದಿದ ತಾಸುಗಳನ್ನು ಯಾಕೆ ಸೇರಿಸಿರಲಿಲ್ಲ? ಅದನ್ನೂ ಕೂಡಿಸಿ ಬರೆಯಬೇಕು ಎಂದು ಎರಡನೆಯ ಪುಟದಲ್ಲಿ ಇತ್ತಲ್ಲ.

ರೂಮಿಗೆ ಬಂದು ಐದನೆಯ ಡೈರಿ ತೆಗೆದೆ. ಆ ಎರಡು ಭಾಗಗಳನ್ನು ನಾನು ಮನೆಯಲ್ಲಿ ಓದಿದ್ದು ಮೂವತ್ತೆಂಟು ತಾಸು. ಮೇ ಹನ್ನೊಂದರಂದೇ ಸರ್ ಪೆನ್ನಿನ ಟೋಪಿ ಹಾಕದೆ ಸಹಿ ಮಾಡಬಹುದಿತ್ತು. ಆ ಹದಿನೇಳು ತಾಸು ಯಾರಿಗೂ ಬೇಕಾಗಿರಲಿಲ್ಲ.

ಮೂರು ದಿನ ಯೋಚಿಸಿದೆ, ಹೇಳಬೇಕೋ ಬೇಡವೋ ಎಂದು. ಕೊನೆಗೆ ಭಾನುವಾರ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಆ ಕಡೆ ಒಂದು ಲಾರಿ ಹೋಯಿತು. ಹಾರ್ನ್ ಮುಗಿಯುವವರೆಗೆ ಅವರು ಕಾದರು.

"ಅಂದ್ರ ಉತ್ತರ ಬರೋಬ್ಬರಿ ಬಂದಿತ್ತು. ಲೆಕ್ಕ ಬ್ಯಾರೇದು," ಅಂದರು.

"ತಪ್ಪಾತ್ರಿ ಸರ್. ಎರಡನೇ ಪುಟ ಓದಿದ್ದಿಲ್ಲ."

"ಮನ್ಯಾಗ ನೋಡಕೋರಿ ಅಂದದ್ದನ್ನ ಖರೇನ ಮನ್ಯಾಗ ನೋಡಿದೋರು ನೀವೊಬ್ರ ಇರಬೇಕು." ನಕ್ಕರು. ಹಲ್ಲಿನ ಸೆಟ್ ಒಗ್ಗಿದಂತಿತ್ತು. ಆಮೇಲೆ ಏನೋ ನೆನಪಾದವರಂತೆ, "ಅಂದಂಗ, ಒಂದು ಕೇಳೂದಿತ್ತು ನಿಮ್ಮನ್ನ. ಜೂನ್ ನಾಲ್ಕಕ್ಕ ನೀವು ಬಸ್ಸಿಗೆ ಓಡಿದ್ರಿ. ನಾ ಕೇಳಿದ್ದಕ್ಕ ಏನೂ ಹೇಳಲಿಲ್ಲ. ಬೋರ್ಡ್ ಹಂಗ ಐತಿ."

ಹಿಂದಿನಿಂದ ಬಾಯಾರ ದನಿ ಬಂತು: "ಎಂಟ ತಿಂಗಳಾತವಾ. ಗ್ವಾಡಿಗೆ ಬಣ್ಣ ಹಚ್ಚಾಕೂ ಬಿಡವಲ್ರು. ಹೂಂ ಅಂದಬಿಡ ಒಮ್ಮೆ."

ಆ ಚಿತ್ರ ನನ್ನ ಪಟ್ಟಿ ಪುಸ್ತಕದಲ್ಲಿ ಇತ್ತು. ನಾನು ಬೇಗ ಬರೆಯುತ್ತೇನೆ ಎಂದೆನಲ್ಲ. ಬಸ್ಸು ಬರುವ ಮುಂಚೆಯೇ ಬರೆದು ಮುಗಿಸಿದ್ದೆ.

"ಅಳಸ್ಲೇನ್ರಿ?" ಅಂದರು ಸರ್.

ಮೇಜಿನ ಮೇಲೆ ಆ ವರ್ಷದ ಹೊಸ ಡೈರಿ ತೆರೆದೇ ಇತ್ತು. ಅಂದಿನ ಪುಟದಲ್ಲಿ ನಂತರ ಬರೆದದ್ದು ಇಷ್ಟೇ: ತಡೀರಿ ಸರ್. ಬಾಳಪ್ಪ ೪೦೮, ನಾನು ೧.

"ಆಗಲಿ, ಅವಸರಿಲ್ಲ" ಅಂದರು ಅವರು. ಖಡುವನ್ನು ಬೋರ್ಡಿನ ಪಟ್ಟಿಯ ಮೇಲೆ ಇಟ್ಟ ಸದ್ದು ಫೋನಿನಲ್ಲಿ ಕೇಳಿಸಿತು.